ನಮ್ಮಾಕಿಯ ಎರಡು ನಿಮಿಷ

ನನ್ನ ಹೆಂಡತಿ ಭಾಲ್ಕಿಯಲ್ಲಿ ನಮ್ಮ ವಾರ್ಡಿನ ಮೆಂಬರು. ಆದರೆ ಓಣಿಯ ಜನ "ಮೆಂಬರ್ ಸಾಬ್, ಶರಣಾರ್ಥಿ" ಎಂದು ಕೈ ಮುಗಿಯುವುದು ನನಗೆ. ನಮ್ಮ ಕಡೆಯ ರೂಢಿಯೇ ಹಾಗೆ. ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತೆಂದರೆ ಹೆಂಡತಿಯ ಹೆಸರು ಓಟಿಗೆ, ಗಂಡನ ಕೊರಳು ಹಾರಕ್ಕೆ. ಸಭೆಗಳಲ್ಲಿ ಮೊದಲ ಸಾಲಿನ ಕುರ್ಚಿಯಲ್ಲಿ ಗಂಡ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾನೆ, ಗೆದ್ದವಳು ಹಿಂದೆ ಹೆಂಗಸರ ಜೊತೆ ಜಮಖಾನೆಯ ಮೇಲೆ. ನಾನು ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಈಗ ರಿಟೈರ್ಡು. "ಮುಂದ ಸರೀರಿ, ಬಾಗಲ ಬಿಡ್ರಿ" ಎನ್ನುವುದಕ್ಕಿಂತ ಉದ್ದದ ಭಾಷಣ ಜನ್ಮದಲ್ಲಿ ಮಾಡಿದವನಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ, ನಲ್ಲಿ ನೀರಿನ ತಕರಾರು ತಂದು ನನ್ನ ತಲೆಗೇ ಕಟ್ಟುತ್ತಾರೆ.

ಹೀಗಿರುವಾಗ ಬೀದರದ ಪಕ್ಷದ ಕಚೇರಿಯಿಂದ ಫೋನು ಬಂತು. ರಾಷ್ಟ್ರೀಯ ಮಹಾಧಿವೇಶನಕ್ಕೆ ನಮ್ಮ ಜಿಲ್ಲೆಯಿಂದ ಹೋಗುವ ಪ್ರತಿನಿಧಿಗಳಲ್ಲಿ ಅವಳೂ ಒಬ್ಬಳು. ಅಷ್ಟೇ ಅಲ್ಲ, ಗಡಿಭಾಗದ ಹೆಣ್ಣುಮಗಳೆಂದು ದೊಡ್ಡ ವೇದಿಕೆಯ ಮೇಲೆ ಎರಡು ನಿಮಿಷ ಮಾತಾಡಲು ಅವಕಾಶ ಕೊಟ್ಟಿದ್ದಾರೆ. ಸುದ್ದಿ ಹಬ್ಬಿದ್ದೇ ತಡ, ಪೇಢೆ ಹಿಡಿದುಕೊಂಡು ಬಂದವರೆಲ್ಲ ಅವಳನ್ನು ದಾಟಿ ಬಂದು ನನ್ನ ಬಾಯಿಗೆ ಪೇಢೆ ತುರುಕಿದರು.

"ಸಾಬ್, ದೊಡ್ಡ ಮಂದಿ ಹಂತ್ಯಾಕ ಹೊಂಟ್ರಿ. ನಮ್ಮನ್ನ ಮರೀಬ್ಯಾಡ್ರಿ ಮತ್ತ."

"ಹೋಗಾಕಿ ಅಕಿ. ನಾ ಬ್ಯಾಗ ಹೊರಾಂವ," ಅಂದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಎಲ್ಲರೂ ನಕ್ಕರು. ಖರೇ ಹೇಳಬೇಕೆಂದರೆ ಬ್ಯಾಗು ಹೊರುವುದಕ್ಕೂ ನನಗೆ ಮನಸ್ಸಿರಲಿಲ್ಲ. ಅಷ್ಟು ದೂರದ ರೈಲು, ಕೆಟ್ಟ ಮೊಣಕಾಲು, ಗುರುತಿಲ್ಲದ ಊರು. ನೀನು ಬೀದರದವರ ಜೊತೆ ಹೋಗಿ ಬಾ ಎಂದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನೀವು ಬರಲೇಬೇಕ್ರಿ," ಎಂದಳು. "ಅಲ್ಲಿ ನಾ ಮಗಳ ಮಾತೇ ಹೇಳಾಕಿ. ಕಡೀಕ ಒಂದು ಮಾತು ಅದ. ಇಲ್ಲೀತನಕ ಯಾರ ಮುಂದನೂ ಅಂದಿಲ್ಲ, ನಿಮ್ಮ ಮುಂದನೂ ಅಂದಿಲ್ಲ. ಮನ್ಯಾಗ ನಿಮ್ಮ ಮಾರಿ ನೋಡಿ ಹೇಳಲಾಕ ಆಗಲ್ಲ ನನಗ. ಅಷ್ಟು ಮಂದ್ಯಾಗ ನಿಂತು ಹೇಳಿಬಿಡ್ತೇನಿ. ನೀವು ದೂರ ಕುಂತು ಕೇಳ್ರಿ, ಸಾಕು."

ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಅಟ್ಟದ ಮೇಲಿನ ಬ್ಯಾಗು ಇಳಿಸಿದೆ.

ನಮಗೆ ಇದ್ದವಳು ಒಬ್ಬಳೇ ಮಗಳು. ಔರಾದದ ಆಚೆಗಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಆ ಊರಿನ ಹೆಸರು ಬರೆಯಲು ಈಗಲೂ ನನ್ನ ಕೈ ಏಳುವುದಿಲ್ಲ. ಚೊಚ್ಚಲ ಬಸಿರು, ಹೆರಿಗೆ ತವರಿನಲ್ಲಿ ಆಗಬೇಕು. ಸೀಮಂತದ ಕುಬಸ ಮುಗಿಸಿ ಮಗಳನ್ನು ಕರೆದುಕೊಂಡು ಬರುತ್ತೇನೆಂದು ಇವಳು ಹೋದಳು. ನನಗೆ ರಜೆ ಸಿಗಲಿಲ್ಲ. ಆಗ ನನ್ನ ಡ್ಯೂಟಿ ಬೀದರ–ಔರಾದ ರೂಟಿನ ಮೇಲೆ. ಹಿಂದಿನ ಸಂಜೆ ಮಗಳು ಫೋನು ಮಾಡಿದ್ದಳು.

"ಅಪ್ಪಾ, ನಾಳಿ ಔರಾದಕ್ಕ ಬಂದು ನಿನ್ನ ಬಸ್ಸಿಗೇ ಹತ್ತತೇವಿ. ಡ್ರೈವರ್ ಹಿಂದಿನ ಸೀಟು ಹಿಡಿದಿರು. ಹಿಂದ ಕುಂತ್ರ ಭಾಳ ಕುಲುಕತದ."

ಚಿಕ್ಕಂದಿನಿಂದಲೂ ಆ ಸೀಟು ಅವಳದೇ. ಶಾಲೆಯ ಸೂಟಿಯಲ್ಲಿ ನನ್ನ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿಗೆ ಬಂದು ನಿಂತು, ಹತ್ತಿದ ಕೂಡಲೇ "ಏ ಕಂಡಕ್ಟರ್, ಟಿಕೆಟ್ ಕೊಡು" ಎಂದು ನನ್ನನ್ನೇ ಗದರುತ್ತಿದ್ದಳು. ಬಸ್ಸಿನವರೆಲ್ಲ ನಗುತ್ತಿದ್ದರು. ನನಗೆ ಆ ನಗು ಬಹಳ ಸೇರುತ್ತಿತ್ತು.

ಮರುದಿನ ಔರಾದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತದ್ದೇ ಆ ಸೀಟಿನ ಮೇಲೆ ನನ್ನ ಟವೆಲು ಹಾಸಿದೆ. ನಮ್ಮ ಕಡೆ ಯಾರು ಮೊದಲು ಟವೆಲು ಹಾಕುತ್ತಾರೋ ಸೀಟು ಅವರದು, ಅದಕ್ಕೆ ಅಪೀಲಿಲ್ಲ. ಆದರೆ ಕಂಡಕ್ಟರನೇ ಟವೆಲು ಹಾಕಿದರೆ ಮಂದಿ ಸುಮ್ಮನಿರುತ್ತಾರೆಯೇ? "ಏನ್ರಿ, ಬಸ್ಸೇನು ನಿಮ್ಮ ಮನೀದೇನ್ರಿ?" ಎಂದು ಒಬ್ಬರು ಜಗಳಕ್ಕೇ ನಿಂತರು. ಬಸುರಿ ಹೆಣ್ಣುಮಗಳು ಬರ್ತಾಳ್ರಿ ಎಂದು ನಾನೂ ಪಟ್ಟು ಬಿಡಲಿಲ್ಲ. ಆ ಜಗಳ ನಡೆದಿರುವಾಗಲೇ ಬೀಗರ ಮನೆಯಿಂದ ಫೋನು ಬಂತು. ಬೆಳಿಗ್ಗೆಯೇ ನೋವು ಬಂದು ಅಲ್ಲಿಯ ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ಗಂಡು ಕೂಸು. ಮಗಳಿಗೆ ರಕ್ತ ಹೋಗುವುದು ನಿಲ್ಲುತ್ತಿಲ್ಲ. ಕೊಡಲು ಅಲ್ಲಿ ರಕ್ತವಿಲ್ಲ. ಜೀಪಿನಲ್ಲಿ ಹಾಕಿ ಬೀದರಕ್ಕೆ ಒಯ್ದಿದ್ದಾರೆ. ಗಡಿಬಿಡಿಯಲ್ಲಿ ನನ್ನ ಹೆಂಡತಿಯ ಫೋನು ಅಲ್ಲೇ ಉಳಿದಿದೆ.

ಬಸ್ಸನ್ನು ಇನ್ನೊಬ್ಬರ ಕೈಗೆ ಕೊಟ್ಟು ನಾನು ಬೀದರ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಗಳು ದಾರಿಯಲ್ಲೇ ಹೋಗಿದ್ದಳು. ಅಳಿಯ ತಾನು ಕೆಲಸ ಮಾಡುವ ಊರಿನಿಂದ ಆಗಷ್ಟೇ ಹೊರಟಿದ್ದ, ಬೀಗತಿ ಕೂಸಿನ ಹತ್ತಿರ ಉಳಿದಿದ್ದರು. ಜೀಪಿನಲ್ಲಿ ಮಗಳ ಜೊತೆ ಇದ್ದವಳು ಇವಳೊಬ್ಬಳೇ. ದಾರಿಯಲ್ಲಿ ಮಗಳು ಏನಾದರೂ ಅಂದಳೇನು ಎಂದು ಆಮೇಲೆ ಒಂದೆರಡು ಸಲ ಕೇಳಿದೆ. "ಏನೂ ಅನ್ಲಿಲ್ರಿ" ಅಂದಳು. ಅವಳ ಮುಖ ನೋಡಿ ಕೇಳುವುದನ್ನೇ ಬಿಟ್ಟೆ. ಮೊಮ್ಮಗ ತಂದೆಯ ಮನೆಯಲ್ಲಿ ಬೆಳೆಯುತ್ತಿದ್ದಾನೆ. ದೀಪಾವಳಿಗೆ ಬಂದರೆ ನನ್ನ ಹಳೆಯ ಸೀಟಿಯನ್ನು ಗೂಟದಿಂದ ತೆಗೆದು ಇಡೀ ಓಣಿ ಕೇಳುವಂತೆ ಊದುತ್ತಾನೆ.

ಮಗಳು ಹೋದ ಮೇಲೆ ಇವಳು ರಾಜಕೀಯಕ್ಕೆ ಇಳಿದಳು. ಮೊದಲು ಹೆಸರಿಗೆ ಮಾತ್ರ ನಿಲ್ಲಿಸಿದ್ದರು, ಆಮೇಲೆ ಅವಳ ಬಾಯಿ ಕಟ್ಟುವುದು ಪಕ್ಷದವರಿಗೂ ಆಗಲಿಲ್ಲ. ಎಲ್ಲಿ ಹೋದರೂ ಅವಳದು ಒಂದೇ ಮಾತು. ಹಳ್ಳಿಗಳ ಸಣ್ಣ ಆಸ್ಪತ್ರೆಗಳಲ್ಲಿ ರಕ್ತ ಇಡುವ ವ್ಯವಸ್ಥೆ ಆಗಬೇಕು. ಚರಂಡಿಯ ಸಭೆಯಲ್ಲೂ ಅದೇ, ಬೀದಿ ದೀಪದ ಸಭೆಯಲ್ಲೂ ಅದೇ. "ಅಕ್ಕಾರ, ಅದು ನಮ್ಮ ಕೈಯಾಗಿಂದಲ್ರಿ, ಮ್ಯಾಲಿನೋರು ಮಾಡಬೇಕು" ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದರು. ಈಗ ಮೇಲಿನವರೆಲ್ಲ ಒಂದೇ ಪೆಂಡಾಲಿನಲ್ಲಿ ಸಿಗುವವರಿದ್ದರು.

ಮಾತು ಹಿಂದಿಯಲ್ಲಿ ಆಗಬೇಕು, ಇಲ್ಲದಿದ್ದರೆ ಅವರಿಗೆ ತಿಳಿಯುವುದಿಲ್ಲ ಎಂದು ಬೀದರದವರು ಹೇಳಿದರು. "ಹಿಂದೀನೇನ್ರಿ? ಅದೇನ್ ದೊಡ್ಡದು" ಅಂದಳು. ಬೆಂಗಳೂರು ಕಡೆಯವರು ಹಿಂದಿ ಎಂದರೆ ಬೆವರಬಹುದು, ನಾವು ಬೀದರ ಜಿಲ್ಲೆಯವರು ಬೆವರುವುದಿಲ್ಲ. ಅದು ನಮ್ಮ ಹಳೆಯ ಜಂಬ. ಹುಟ್ಟಿದಾಗಿನಿಂದ ಸಂತೆಯಲ್ಲಿ, ಬಸ್ಸಿನಲ್ಲಿ, ಓಣಿಯಲ್ಲಿ ಆ ಮಾತು ಕಿವಿಗೆ ಬಿದ್ದಿರುತ್ತದೆ. ಇವಳಿಗಂತೂ ಗೋಡೆಯಾಚೆಗೇ ಖಾಲಾ ಇದ್ದರು.

ಖಾಲಾ ಬೀದರದ ಹಳೇ ಶಹರದಲ್ಲಿ ಹುಟ್ಟಿ ಭಾಲ್ಕಿಗೆ ಸೊಸೆಯಾಗಿ ಬಂದವರು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾರೆ. ನನ್ನ ಮಗಳು ಅವರ ಅಂಗಳದಲ್ಲೇ ಹೆಜ್ಜೆ ಕಲಿತಳು, ಅವಳು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದದ್ದಕ್ಕೆ ನಮಗೂ ಅವರು ಖಾಲಾ ಆದರು. ನನ್ನ ಹೆಂಡತಿ ಭಾತಂಬ್ರಾದಿಂದ ಮದುವೆಯಾಗಿ ಬಂದ ದಿನದಿಂದ ಈ ಇಬ್ಬರೂ ಗೋಡೆಯ ಮೇಲೆ ಮೊಣಕೈ ಊರಿ ಮಾತಾಡುತ್ತಲೇ ಬಂದಿದ್ದಾರೆ. ಆ ಮಾತಿಗೆ ನಾವು ಹಿಂದಿ ಎನ್ನುತ್ತೇವೆ, ಖಾಲಾ ಉರ್ದು ಎನ್ನುತ್ತಾರೆ. ಬಲ್ಲವರು ದಖನಿ ಎನ್ನುತ್ತಾರಂತೆ. ಅದರಲ್ಲಿ ಬೇಡ ಎನ್ನಲು ನಕ್ಕೊ, ಬೇಕು ಎನ್ನಲು ಹೋನಾ, ಯಾಕೆ ಎನ್ನಲು ಕಾಯ್ಕು. ಮಗಳು ಸತ್ತಾಗ ನನ್ನ ಹೆಂಡತಿ ಅತ್ತದ್ದೂ ಆ ಮಾತಿನಲ್ಲೇ, ಖಾಲಾನ ತೊಡೆಯ ಮೇಲೆ ತಲೆಯಿಟ್ಟು.

ಹೀಗಾಗಿ ಭಾಷಣದ ತಯಾರಿ ಖಾಲಾನ ಮನೆಯಲ್ಲೇ ನಡೆಯಿತು. ಖಾಲಾ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ, ದೊಡ್ಡ ನಾಯಕರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು ಕೇಳುತ್ತಿದ್ದರು. ಇವಳು ಕಣ್ಣೀರು ತಂದುಕೊಂಡಾಗ "ರೋ ನಕ್ಕೊ, ಸೀದಾ ದೇಖ್ಕೊ ಬೋಲ್" ಎನ್ನುತ್ತಿದ್ದರು. ಅಳಬೇಡ, ನೆಟ್ಟಗೆ ನೋಡಿ ಹೇಳು. ನಡುವೆ ಒಂದು ಮಾತಿತ್ತು. "ಹಮ್ನಾ ಖೂನ್ ಹೋನಾ. ಕಾಯ್ಕು ನೈ ರಖ್ತೆ?" ನಮಗೆ ರಕ್ತ ಬೇಕು, ಯಾಕೆ ಇಡುವುದಿಲ್ಲ? ಅಲ್ಲಿಗೆ ಬಂದಾಗಲೆಲ್ಲ ಅಳಬೇಡ ಎಂದವರೇ ದುಪಟ್ಟಾದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೊನೆಯ ಮಾತನ್ನು ಮಾತ್ರ ಇವಳು ಅವರೆದುರೂ ಆಡಲಿಲ್ಲ. ಅದನ್ನು ಅಲ್ಲೇ ಹೇಳುತ್ತೇನೆಂದು ಎದ್ದುಬಿಡುತ್ತಿದ್ದಳು.

ಬೀದರದಿಂದ ರೈಲು ಹತ್ತಿದೆವು. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಳ ಹೊಸ ಸೀರೆ. ಆ ಸೀರೆಗೆ ಬ್ಲೌಸು ಹೊಲಿದುಕೊಟ್ಟವರೂ ಖಾಲಾನೇ.

ಉತ್ತರದ ಆ ಶಹರದ ಹೊರಗೆ ದೊಡ್ಡ ಬಯಲು, ಬಯಲಿನ ತುಂಬ ಡೇರೆ. ಬಾಗಿಲಲ್ಲಿ ಕೊರಳಿಗೆ ಹಾಕಿಕೊಳ್ಳುವ ಕಾರ್ಡು ಕೊಟ್ಟರು. ಅವಳದಕ್ಕೆ ಕೆಂಪು ಪಟ್ಟಿ, ಮೇಲೆ ಪ್ರತಿನಿಧಿ ಎಂದು ಅಚ್ಚು. ನನ್ನದಕ್ಕೆ ಹಳದಿ ಪಟ್ಟಿ, ಮೇಲೆ ಅತಿಥಿ ಎಂದೂ ಕೆಳಗೆ ಪ್ರತಿನಿಧಿಯ ಪತ್ನಿ ಎಂದೂ ಇತ್ತು. ಗಂಡನೂ ಹೀಗೆ ಬರಬಹುದೆಂದು ಅಚ್ಚು ಹಾಕಿಸಿದವರಿಗೆ ಹೊಳೆದೇ ಇಲ್ಲ. ಅವಳು ಅದನ್ನು ಕೈಯಲ್ಲಿ ಹಿಡಿದು ಓದಿದಳು.

"ಸೆರಗು ತಲಿಮ್ಯಾಲ ಹೊತ್ಕೋರಿ ಮತ್ತ. ದೊಡ್ಡ ಮಂದಿ ಅದಾರ," ಎಂದು ನಕ್ಕಳು.

ಬಹಳ ದಿನಕ್ಕೆ ಅವಳು ಮನಸ್ಸು ಬಿಚ್ಚಿ ನಕ್ಕದ್ದು. ಆ ಕಾರ್ಡನ್ನು ಸಂತೋಷದಿಂದಲೇ ಹಾಕಿಕೊಂಡೆ. ಗೇಟಿನಲ್ಲಿ ನಿಂತಿದ್ದ ಕಾರ್ಯಕರ್ತ ನನ್ನನ್ನು ಪ್ರತಿನಿಧಿಗಳ ಕಡೆಗೂ ಅವಳನ್ನು ಅತಿಥಿಗಳ ಕಡೆಗೂ ತಳ್ಳಲು ನೋಡಿದ. ಕಾರ್ಡು ಎತ್ತಿ ತೋರಿಸಿದ ಮೇಲೆ ತಲೆ ಕೆರೆದುಕೊಂಡು ಬಿಟ್ಟ.

ಅತಿಥಿಗಳ ಜಾಗ ಪೆಂಡಾಲಿನ ತೀರ ಹಿಂದೆ, ಬೊಂಬು ಕಟ್ಟಿದ ಕಟಕಟೆಯ ಆಚೆ. ವೇದಿಕೆಯ ಮೇಲಿನವರು ಅಲ್ಲಿಂದ ಬೆರಳಷ್ಟು ಕಾಣುತ್ತಿದ್ದರು, ನೋಡಲಿಕ್ಕೆ ದೊಡ್ಡ ಪರದೆ ಇತ್ತು. ಪ್ರತಿನಿಧಿಗಳ ಹೆಂಡಂದಿರನ್ನೆಲ್ಲ ದೇವಸ್ಥಾನ, ಬಜಾರು ತೋರಿಸಲು ಬಸ್ಸು ಮಾಡಿ ಕರೆದುಕೊಂಡು ಹೋದರು. ನನ್ನನ್ನೂ ಕರೆದರು, ನಾನು ಹೋಗಲಿಲ್ಲ. ಪಕ್ಕದಲ್ಲಿ ಆ ಕಡೆಯವರೇ ಆದ ಒಬ್ಬ ದಪ್ಪ ಮನುಷ್ಯರು ಕೂತಿದ್ದರು. ಅವರ ಅಣ್ಣ ಪ್ರತಿನಿಧಿಯಂತೆ. ಹುರಿದ ಶೇಂಗಾ ಕೊಟ್ಟರು, ನನ್ನ ಮೊಣಕಾಲು ನೋಡಿ ತಮ್ಮ ಕುರ್ಚಿಯನ್ನು ಸರಿಸಿ ಕಾಲು ಚಾಚಲು ಜಾಗ ಮಾಡಿಕೊಟ್ಟರು. ಒಳ್ಳೆಯ ಮನುಷ್ಯರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದರಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮುಂಚೆ ಅವಳ ಹೆಸರು ಕೂಗಿದರು. ಪರದೆಯ ತುಂಬ ಅವಳ ಮುಖ ಬಂತು. ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಸೆರಗು. ಖಾಲಾ ಹೇಳಿಕೊಟ್ಟ ಹಾಗೆ ನೆಟ್ಟಗೆ ನೋಡಿದಳು. ನಾನು ಯಾವ ಜಿಲ್ಲೆಯವಳು, ನನ್ನ ಊರಿನಿಂದ ದೊಡ್ಡಾಸ್ಪತ್ರೆ ಎಷ್ಟು ದೂರ ಎಂದು ಶುರು ಮಾಡಿದಳು. ಎರಡನೇ ವಾಕ್ಯಕ್ಕೇ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳಿಗೆ ಹೆರಿಗೆಯಾಯಿತು ಎನ್ನುವಾಗ ಅದು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹಬ್ಬಿತು. "ಹಮ್ನಾ ಖೂನ್ ಹೋನಾ. ಕಾಯ್ಕು ನೈ ರಖ್ತೆ?" ಎಂದಳು ನೋಡಿ, ಇಡೀ ಪೆಂಡಾಲು ಗೊಳ್ಳೆಂದು ನಕ್ಕಿತು. ಚಪ್ಪಾಳೆ ಬಿತ್ತು. ನನ್ನ ಪಕ್ಕದವರು ತೊಡೆ ಬಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಅವಳು ನಿಂತುಬಿಟ್ಟಳು. ಆ ಕಡೆ ಈ ಕಡೆ ನೋಡಿದಳು. ಮೆಂಬರಾದ ಮೇಲೆ ಕಲಿತ ಒಂದು ಅಭ್ಯಾಸ ಅವಳಿಗಿದೆ, ಎದುರಿನವರು ನಕ್ಕರೆ ತಾನೂ ಮರ್ಯಾದೆಗೆಂದು ತುಸು ನಗುವುದು. ಆಗಲೂ ನಕ್ಕಳು. ಅದನ್ನು ಕಂಡು ಮಂದಿ ಇನ್ನೂ ಜೋರಾಗಿ ನಕ್ಕರು. ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಎರಡು ನಿಮಿಷದ ಗಂಟೆ ಹೊಡೆಯಿತು. ವೇದಿಕೆಯ ಮೇಲಿನ ಹಿರಿಯರೊಬ್ಬರು ಮೈಕಿಗೆ ಬಾಗಿ, ದಕ್ಷಿಣದ ನಮ್ಮ ಅಕ್ಕ ಎಲ್ಲರ ಮನಸ್ಸು ಹಗುರ ಮಾಡಿದರು, ಈಗ ಊಟಕ್ಕೆ ಏಳೋಣ ಎಂದರು.

ನಾನು ಕಟಕಟೆಯ ಬೊಂಬು ಹಿಡಿದು ನಿಂತಿದ್ದ ರೀತಿ ನೋಡಿ ಪಕ್ಕದವರು ನಗು ನಿಲ್ಲಿಸಿದರು. ಆಕೆ ನನ್ನ ಹೆಂಡತಿ, ಸತ್ತವಳು ನಮ್ಮ ಮಗಳು ಎಂದೆ. ಅವರು ಕೈ ಮುಗಿದರು. ನಮ್ಮ ಕಡೆ ಸಿನಿಮಾದಲ್ಲಿ ನಗಿಸುವವರು ಮಾತ್ರ ಹೀಗೆ ಮಾತಾಡುತ್ತಾರೆ ಭಾಯಿ, ಈ ಮಾತು ಕಿವಿಗೆ ಬಿದ್ದರೆ ನಗು ತಾನಾಗಿ ಬರುತ್ತದೆ, ಅಮ್ಮ ಏನೋ ತಮಾಷೆಯ ಕತೆ ಹೇಳುತ್ತಿದ್ದಾರೆ ಅಂದುಕೊಂಡೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅವರ ಮೇಲೆ ತೀರಿಸಿಕೊಳ್ಳಲು ಆಗಲಿಲ್ಲ.

ವಾಪಸು ಬರುವ ರೈಲಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತಳು. ರೊಟ್ಟಿ ಬಿಚ್ಚಿದರೆ ಮುಟ್ಟಲಿಲ್ಲ. ಕೊನೆಯ ಮಾತು ಹೇಳಲೇ ಇಲ್ಲವಲ್ಲ ಎಂದು ಕೇಳಿದೆ.

"ಗಂಟಿ ಹೊಡದ್ರಲ್ರಿ."

"ಈಗ ಹೇಳು."

ಬೇಡವೆಂದು ತಲೆ ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅವ್ರು ನನ್ನ ಮಾತಿನ ಧಾಟಿಗಿ ನಕ್ರು. ಮಗಳು ಸತ್ತಿದ್ದಕ್ಕ ನಕ್ಕಿಲ್ಲ. ಹೌದಿಲ್ರಿ?"

"ಹೌದು," ಅಂದೆ.

ಊರು ಮುಟ್ಟುವುದರೊಳಗೆ ಆ ಎರಡು ನಿಮಿಷ ಎಲ್ಲರ ಫೋನಿಗೂ ಬಂದಿತ್ತು. ಅವಳ ಆ ಮಾತನ್ನಷ್ಟೇ ಕತ್ತರಿಸಿ, ಹಿಂದೆ ಡೋಲು ಸೇರಿಸಿ, ಮತ್ತೆ ಮತ್ತೆ ಬರುವಂತೆ ಮಾಡಿದ್ದರು. ಹಮ್ನಾ ಖೂನ್ ಹೋನಾ, ಹಮ್ನಾ ಖೂನ್ ಹೋನಾ. ಕೊನೆಗೆ ಅವಳ ಆ ಮರ್ಯಾದೆಯ ನಗು. ನೋಡಿದವರಿಗೆ ಅವಳು ಬೇಕೆಂದೇ ನಗಿಸಿದ ಹಾಗೆ ಕಾಣುತ್ತಿತ್ತು. ಭಾಲ್ಕಿಯ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಆ ದನಿ ಕೇಳಿ ನಾನು ಅರ್ಧ ಕಪ್ ಚಹಾ ಬಿಟ್ಟು ಎದ್ದುಬಂದೆ.

ಬೀದರದಲ್ಲಿ ಪ್ರತಿನಿಧಿಗಳಿಗೆ ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸಿದರು, ರೂಢಿ ಬಿಡದೆ ನನಗೂ ಒಂದು ಹೊದಿಸಿದರು. ಮೈಕು ಹಿಡಿದಿದ್ದ ಹುರುಪಿನ ತರುಣ ನಾಯಕನೊಬ್ಬ ಅವಳ ಮುಂದೆ ಬಂದು ನಿಂತ.

"ಅಕ್ಕಾರ, ನೀವು ಇಡೀ ದೇಶಕ್ಕ ಫೇಮಸ್ ಆಗಿಬಿಟ್ರಿ. ಆ ಕಾಯ್ಕು ಒಮ್ಮಿ ಹೇಳ್ರಿ, ಮಂದಿ ಖುಷ್ ಆಗ್ತಾರ."

ನನ್ನ ಬಸ್ಸಿನಲ್ಲಿ ಅವನೇನಾದರೂ ಇದ್ದಿದ್ದರೆ ನಡು ಹಾದಿಯಲ್ಲಿ ಇಳಿಸಿ ಡಬಲ್ ಸೀಟಿ ಹೊಡೆಯುತ್ತಿದ್ದೆ. ಅವಳು ಮೈಕು ಇಸಿದುಕೊಂಡಳು. "ಇನ್ ಮ್ಯಾಲ ನಾ ಕನ್ನಡದಾಗ ಅಷ್ಟೇ ಮಾತಾಡ್ತೇನ್ರಿ" ಎಂದಳು. ಮೈಕು ಹಿಂದಕ್ಕೆ ಕೊಟ್ಟು ಕೂತಳು. ಜನ ಅದಕ್ಕೂ ಚಪ್ಪಾಳೆ ಹೊಡೆದರು.

ಆ ಮಾತನ್ನು ಅವಳು ಮನೆಯಲ್ಲೂ ನಡೆಸಿದಳು. ಖಾಲಾ ಗೋಡೆಯ ಹತ್ತಿರ ಬಂದು ಮಾತಾಡಿಸಿದರೆ ಕನ್ನಡದಲ್ಲಿ ಉತ್ತರ ಕೊಡತೊಡಗಿದಳು. ಸಿಟ್ಟಿಗಲ್ಲ. ಆ ಮಾತು ಬಾಯಿಗೆ ಬಂದರೆ ಪೆಂಡಾಲಿನ ನಗು ಕಿವಿಗೆ ಬರುತ್ತಿತ್ತು, ಅಷ್ಟೇ. ಖಾಲಾ ಅದನ್ನು ಬೇರೆ ರೀತಿ ತಿಳಿದುಕೊಂಡರು. ತನ್ನ ಮಾತಿನಿಂದಲೇ ಇವಳ ಮಾನ ಹೋಯಿತು ಎಂದುಕೊಂಡು ಅವರೂ ಹರಕು ಮುರುಕು ಕನ್ನಡದಲ್ಲಿ ಮಾತಾಡಲು ನೋಡಿದರು. "ಊಟ ಆಯ್ತು? ಬಿಸಿಲು ಭಾಳ ಅದ." ಇಷ್ಟಾದರೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು. ಗೋಡೆಯ ಆಚೆ ಈಚೆ ಸುಮ್ಮನೆ ನಿಂತು ಒಳಗೆ ಹೋಗುತ್ತಿದ್ದರು. ನನ್ನ ಜೀವನದಲ್ಲಿ ಆ ಗೋಡೆ ಅಷ್ಟು ಮೌನವಾಗಿದ್ದನ್ನು ನಾನು ಕಂಡಿರಲಿಲ್ಲ. ರಕ್ತ ಇಡುವ ಮಾತನ್ನು ಪಕ್ಷದಲ್ಲಿ ಮತ್ತೆ ಯಾರೂ ಎತ್ತಲಿಲ್ಲ, ಎತ್ತಿದರೆ ಎಲ್ಲರಿಗೂ ಆ ವಿಡಿಯೊ ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಖಾಲಾ ಗೋಡೆ ಬಿಟ್ಟು ಮುಂಬಾಗಿಲಿನಿಂದ ಒಳಗೆ ಬಂದರು. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಇವಳು ಜೋಳ ಹಸನು ಮಾಡುತ್ತಿದ್ದಳು. ಖಾಲಾ ಅವಳೆದುರು ನೆಲದ ಮೇಲೆ ಕೂತರು.

"ನಂದು ತಪ್ಪು ಅದ," ಎಂದರು, ಕನ್ನಡದಲ್ಲೇ. "ನಾನು ಕಲಿಸಿದ್ದು."

"ನಿಂದೇನ್ ತಪ್ಪು ಖಾಲಾ, ಹಂಗೆಲ್ಲ ಅನಬ್ಯಾಡ," ಎಂದಳು ಇವಳು.

ಖಾಲಾಗೆ ಅದಕ್ಕಿಂತ ಮುಂದೆ ಕನ್ನಡ ಸಾಗಲಿಲ್ಲ. ಇವಳ ಕೈಯೊಳಗಿನ ಮೊರ ತೆಗೆದು ಪಕ್ಕಕ್ಕಿಟ್ಟು ತಮ್ಮ ಮಾತಿಗೇ ಬಂದರು. "ಮೇರೆ ಸಾಮ್ನೆ ಬೋಲ್. ಅಪ್ನಿ ಬಾತ್ ಮೇಂಚ್ ಬೋಲ್. ಯಹಾಂ ಕೋಯಿ ಹಸ್ತೇ ನೈ." ನನ್ನೆದುರು ಹೇಳು, ನಮ್ಮ ಮಾತಿನಲ್ಲೇ ಹೇಳು, ಇಲ್ಲಿ ಯಾರೂ ನಗುವುದಿಲ್ಲ. ಹೀಗೆಂದು ಬೆನ್ನು ನೆಟ್ಟಗೆ ಮಾಡಿ ಕೂತರು.

ನಾನು ಇರುವುದು ಸರಿಯಲ್ಲವೆಂದು ಪೇಪರು ಮಡಿಸಿ ಎದ್ದೆ. "ನೀವು ಎಲ್ಲೂ ಹೋಗಬ್ಯಾಡ್ರಿ" ಎಂದಳು ಅವಳು, ನನ್ನ ಕಡೆ ನೋಡದೆಯೇ.

ಮೊದಲಿನಿಂದ ಹೇಳಿದಳು. ಊರು, ದೂರ, ಹೆರಿಗೆ, ರಕ್ತ. ಹಮ್ನಾ ಖೂನ್ ಹೋನಾ ಎನ್ನುವಾಗ ಖಾಲಾ ಅವಳ ಮಂಡಿಯ ಮೇಲೆ ಕೈಯಿಟ್ಟರು. ಆಮೇಲೆ ಅವಳು ಯಾವತ್ತೂ ಹೇಳದ ಮಾತಿಗೆ ಬಂದಳು. ದಖನಿಯಲ್ಲಿ, ಖಾಲಾನ ಕಣ್ಣು ನೋಡುತ್ತ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಜೀಪು ಬೀದರದ ಹಾದಿಯಲ್ಲಿ ಸಂತಪುರ ದಾಟಿತ್ತು. ಮಗಳ ತಲೆ ನನ್ನ ತೊಡೆಯ ಮೇಲಿತ್ತು. ಎದುರಿನಿಂದ ಕೆಂಪು ಬಸ್ಸು ಬಂತು. ಅವಳು ಹಾರ್ನ್ ಕೇಳಿ ಕಣ್ಣು ತೆರೆದಳು. ಅವ್ವಾ, ಅಪ್ಪಂದು ಬಸ್ಸೇನ? ನಿಲ್ಲಸು, ಅಪ್ಪ ಸೀಟು ಹಿಡದಿರ್ತಾನ ಎಂದಳು. ನಾನು ಹೊರಗೆ ನೋಡಿದೆ. ಅವರದೇ ಬಸ್ಸು. ಬಾಗಿಲಲ್ಲೇ ನಿಂತಿದ್ದರು, ಟಿಕೆಟ್ ಕೊಡುತ್ತ ಯಾರ ಜೊತೆಗೋ ನಗುತ್ತಿದ್ದರು. ಜೀಪಿನವನೂ ಗುರುತು ಹಿಡಿದು, ನಿಲ್ಲಸ್ಲೇನಕ್ಕಾ ಎಂದು ಬ್ರೇಕಿನ ಮೇಲೆ ಕಾಲಿಟ್ಟ. ನಿಂತರೆ ಅಷ್ಟು ರಕ್ತ ಹೋಗುತ್ತದೆ ಎಂದು ಹೆದರಿದೆ. ಬ್ಯಾಡ, ಹೊಡಿ ಎಂದೆ. ಮಗಳಿಗೆ, ಅಪ್ಪಂದಲ್ಲವ್ವಾ, ಅದು ಬ್ಯಾರೆ ಬಸ್ಸು ಎಂದೆ. ಅವಳು ಹೌದಾ ಅಂದಳು. ತಲೆ ತಿರುಗಿಸಿದಳು. ಮತ್ತೆ ಮಾತಾಡಲಿಲ್ಲ.

ಇಷ್ಟು ಹೇಳಿ ಅವಳು ಮೊದಲ ಸಲ ನನ್ನ ಕಡೆ ನೋಡಿದಳು. ಮಗಳು ನನ್ನ ಪಕ್ಕದಿಂದಲೇ ಹೋಗಿದ್ದಳು. ಕೈ ಚಾಚಿದರೆ ಜೀಪು ಸಿಗುತ್ತಿತ್ತು. ನನಗೆ ಆ ಗಳಿಗೆಯಲ್ಲಿ ಅವಳ ಮೇಲೆ ಸಿಟ್ಟು ಬಂದದ್ದೂ ನಿಜ, ಒಂದು ಸಲ ಮುಖ ನೋಡುತ್ತಿದ್ದೆನಲ್ಲ ಎಂದು. ಆದರೆ ಅವಳ ಕಣ್ಣಲ್ಲಿ ಇಷ್ಟು ವರ್ಷದ ಭಯ ಕಂಡಿತು. ಇದನ್ನು ಹೇಳಲು ಅವಳು ಅಷ್ಟು ದೂರ ಹೋಗಿದ್ದಳು, ನನ್ನ ಮತ್ತು ಅವಳ ನಡುವೆ ಅಷ್ಟು ಸಾವಿರ ಜನ ಬೇಕಾಗಿತ್ತು.

"ಆ ಜೀಪು ನಾ ನೋಡಿದ್ದೆ," ಎಂದೆ. "ಹಾಡಹಗಲಿ ಲೈಟ್ ಹಚ್ಚಿತ್ತಲ್ಲ? ಯಾರೋ ಅರ್ಜೆಂಟ್ ಅದಾರಂತ ನಾನೇ ಸೀಟಿ ಹೊಡದು ಬಸ್ಸು ಬಾಜೂಕ ತಗಿಸಿ ಸೈಡ್ ಕೊಡಿಸಿದೆ. ನೀ ನಿಲ್ಲಸಿದ್ರೂ ನಾನೇ ಬೈದು ಕಳಸ್ತಿದ್ದೆ, ಮೊದಲ ಬೀದರ ಮುಟ್ರಿ ಅಂತ. ನೀ ಮಾಡಿದ್ದೇ ಬರೋಬ್ಬರಿ ಅದ."

"ಖರೇನ್ರಿ?"

"ಖರೇ."

ಅವಳು ಖಾಲಾನ ಹೆಗಲಿಗೆ ಒರಗಿ ಬಹಳ ಹೊತ್ತು ಅತ್ತಳು. ಖಾಲಾ ಅವಳ ಬೆನ್ನು ಸವರುತ್ತ ತಮ್ಮ ಮಾತಿನಲ್ಲಿ ಏನೇನೋ ಹೇಳುತ್ತಿದ್ದರು, ಇವಳೂ ಅದೇ ಮಾತಿನಲ್ಲಿ ಹೌ, ಹೌ ಎನ್ನುತ್ತಿದ್ದಳು. ಅಂದಿನಿಂದ ಗೋಡೆಯ ಮೇಲೆ ಮತ್ತೆ ಮೊಣಕೈಗಳು ಬಂದವು. ಅವಳು ಕಂಡಕ್ಟರನ ಹೆಂಡತಿ, ಗದ್ದಲದ ಬಸ್ಸಿನಲ್ಲಿ ಟಿಕೆಟ್ ಕೊಡುವವನಿಗೆ ಎದುರಿನ ರಸ್ತೆ ಕಾಣುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಖರೇನಾ ಎಂದು ಇನ್ನೊಮ್ಮೆ ಕೇಳಲಿಲ್ಲ. ಇದನ್ನು ಓದಿದ ಮೇಲೂ ಕೇಳಲಾರಳು.

ನನಗೆ ಯಾವ ಜೀಪೂ ನೆನಪಿಲ್ಲ. ಆ ದಿನದ ಆ ರಸ್ತೆಯನ್ನು ಕಣ್ಣು ಮುಚ್ಚಿ ಬೀದರದಿಂದ ಔರಾದದವರೆಗೆ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಚಿಲ್ಲರೆಯ ತಕರಾರು ನೆನಪಿದೆ, ಸೀಟಿನ ಕೆಳಗೆ ಕೋಳಿ ಇಟ್ಟುಕೊಂಡಿದ್ದ ಮುದುಕಿ ನೆನಪಿದ್ದಾಳೆ. ಸಂತಪುರದ ಹತ್ತಿರ ಸೀಟಿ ಹೊಡೆದದ್ದಿಲ್ಲ, ಬಸ್ಸು ಬಾಜೂಕೆ ತೆಗೆಸಿದ್ದಿಲ್ಲ. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆನಂತೆ. ಯಾವ ಮಾತಿಗೆ ನಗುತ್ತಿದ್ದೆ ಎಂಬುದೂ ನೆನಪಾಗುತ್ತಿಲ್ಲ.